ಸ್ವಿಚ್ಚಿಗೆ ಅಂಟಿಸಿದ ಟೇಪು

ಕಳೆದ ಮಳೆಗಾಲದಲ್ಲಿ ಅಮ್ಮ ಊರಿಂದ ಬಂದಿದ್ದರು. ವಯಸ್ಸು ಎಂಬತ್ತೆರಡು. ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಅವರೇನೂ ಹೊಸಬರಲ್ಲ. ಮೂವತ್ತು ವರ್ಷಗಳಿಂದ ಬಂದು ಹೋಗಿ ಮಾಡುತ್ತಿರುವವರು. ಆದರೆ ಈ ಸಲ ಮನೆಯೇ ಹೊಸದಾಗಿತ್ತು. ನನ್ನ ಮಗ ಮನೆಯನ್ನು 'ಸ್ಮಾರ್ಟ್' ಮಾಡಿಸಿದ್ದ. ಫೋನಿನಿಂದ ಉರಿಯುವ ಬಲ್ಬು, ರಿಮೋಟಿನ ಫ್ಯಾನು, ಹೇಳಿದ ಮಾತು ಕೇಳುವ ಪುಟ್ಟ ಪೆಟ್ಟಿಗೆ. ದುಡ್ಡು ಅವನದು, ಹೆಮ್ಮೆ ನನ್ನದು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಅಮ್ಮ ಬಂದ ಮೂರನೆಯ ರಾತ್ರಿ. ಎರಡು ಗಂಟೆಗೆ ಬಾತ್‌ರೂಮಿಗೆಂದು ಎದ್ದಿದ್ದಾರೆ. ಪ್ಯಾಸೇಜಿನ ಸ್ವಿಚ್ಚಿಗೆ ಮಗ ಟೇಪು ಅಂಟಿಸಿ, ಮೇಲೆ ಇಂಗ್ಲಿಷಿನಲ್ಲಿ 'ಮುಟ್ಟಬೇಡಿ' ಎಂದು ಬರೆದಿದ್ದ. ಯಾಕೆಂದರೆ ಈ ಬಲ್ಬುಗಳಿಗೆ ಗೋಡೆಯ ಸ್ವಿಚ್ಚು ಸದಾ ಆನ್ ಇರಬೇಕು. ಯಾರಾದರೂ ಅಲ್ಲಿ ಆರಿಸಿಬಿಟ್ಟರೆ ಬಲ್ಬಿಗೆ ಕರೆಂಟೇ ಇಲ್ಲ, ಆಮೇಲೆ ಫೋನಿನ ಅಪ್ಪಣೆ ಕೇಳುವವರು ಯಾರು? ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಟೇಪು ಹಾಕಿದ್ದನ್ನು ಮುಟ್ಟಬಾರದು ಎಂಬಷ್ಟು ಗೊತ್ತು. ಗೋಡೆ ತಡವುತ್ತಾ ಕತ್ತಲೆಯಲ್ಲೇ ನಡೆದರು. ಚಪ್ಪಲಿ ಸ್ಟ್ಯಾಂಡಿಗೆ ಎಡವಿ ಬಿದ್ದರು.

ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಮಣಿಕಟ್ಟು ಉಳುಕಿ ಮೂರು ವಾರ ಬ್ಯಾಂಡೇಜು. ನಾನು ಓಡಿ ಹೋದಾಗ ಅವರ ಬಾಯಿಂದ ಬಂದ ಮೊದಲ ಮಾತು: "ನಾನು ಎಂತದೂ ಮುಟ್ಲಿಲ್ಲ ಮಗಾ."

ನಾನು ಹೇಳಿದ್ದೇನು ಗೊತ್ತೇ? "ಆ ಪೆಟ್ಟಿಗೆಗೆ ಹೇಳಿದ್ರೆ ಲೈಟು ಹಾಕ್ತಿತ್ತಲ್ಲ ಅಮ್ಮ." ನಮ್ಮ ಪೆಟ್ಟಿಗೆಗೆ ಬರುವುದು ಇಂಗ್ಲಿಷ್ ಮತ್ತು ಹಿಂದಿ. ಅಮ್ಮನಿಗೆ ಬರುವುದು ಕನ್ನಡ ಮತ್ತು ತುಳು. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಇನ್ನೊಂದು ತಮಾಷೆ ಕೇಳಿ. ಅವರು ಟೇಪು ಕಿತ್ತು ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಿದ್ದರೆ ಆ ಬಲ್ಬು ಉರಿಯುತ್ತಿತ್ತು! ಅದು ಇರುವುದೇ ಹಾಗೆ. ಆದರೆ ಉರಿಸಲು ಮೊದಲು ಆರಿಸಬೇಕು ಎಂದು ಯಾವ ಮನುಷ್ಯನಿಗೆ ಹೊಳೆಯುತ್ತದೆ ಮಾರಾಯ್ರೆ?

ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ವಿದ್ವಾಂಸರು 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಆಮೇಲೆ 'ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್' ಎಂದು ಹೆಸರಾಯಿತು. ಅದರ ಸಾರ ಇಷ್ಟೇ. ವಸ್ತುವನ್ನು ಬಳಸಲು ಬಾರದಿದ್ದಾಗ ಜನ ತಮ್ಮನ್ನೇ ದಡ್ಡರೆಂದು ಬೈದುಕೊಳ್ಳುತ್ತಾರೆ, ಆದರೆ ತಪ್ಪು ಇರುವುದು ವಸ್ತುವನ್ನು ಹಾಗೆ ಮಾಡಿದವರದು. ಬಾಗಿಲಿಗೆ 'ತಳ್ಳಿರಿ', 'ಎಳೆಯಿರಿ' ಎಂದು ಬೋರ್ಡು ಹಾಕಬೇಕಾಗಿ ಬಂತೆಂದರೆ ಬಾಗಿಲೇ ಸರಿಯಿಲ್ಲ. ಹಾಗಾದರೆ ಟೇಪು ಹಚ್ಚಿ ಕಾಯಬೇಕಾದ ಬಲ್ಬಿಗೆ ಏನೆನ್ನಬೇಕು?

ನಮ್ಮ ಹಳೆಯ ಸ್ವಿಚ್ಚನ್ನು ಒಮ್ಮೆ ನೋಡಿ. ಕೆಳಗೆ ಒತ್ತಿದರೆ ಉರಿಯುತ್ತದೆ, ಮೇಲೆ ಒತ್ತಿದರೆ ಆರುತ್ತದೆ. ಅಮೆರಿಕದಲ್ಲಿ ಇದು ತಿರುಗುಮುರುಗು, ಆದರೆ ಅಲ್ಲಿಯವರ ಕೈ ಅದಕ್ಕೆ ಒಗ್ಗಿದೆ, ನಮ್ಮವರ ಕೈ ಇದಕ್ಕೆ. ಕತ್ತಲೆಯಲ್ಲಿ ಬೆರಳಿಗೆ ಸಿಗುತ್ತದೆ. 'ಟಕ್' ಎಂದು ಉತ್ತರ ಕೊಡುತ್ತದೆ. ಭಾಷೆ ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಮೆಟ್ಟಿಲಿಗೆ ಹಾಕುವ ಟೂ-ವೇ ಸ್ವಿಚ್ಚು ಇನ್ನೂ ಜಾಣ. ಕೆಳಗೆ ಹಾಕಿದ ದೀಪವನ್ನು ಮೇಲೆ ಹೋಗಿ ಆರಿಸಬಹುದು. ಯಾವ ಕೈ ಹಿರಿದು, ಯಾವ ಕೈ ಕಿರಿದು ಎಂಬ ಜಗಳವೇ ಅಲ್ಲಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಮನೆ ಒಬ್ಬನದಲ್ಲ. ಅಜ್ಜಿಯದು, ಮಕ್ಕಳದು, ನೆಂಟರದು, ಬೆಳಿಗ್ಗೆ ಒಂಬತ್ತಕ್ಕೆ ಬರುವ ಬಾಯಿಯದು. ಆದರೆ ಸ್ಮಾರ್ಟ್ ಮನೆಯ ಯಜಮಾನಿಕೆ ಒಂದು ಫೋನಿನಲ್ಲಿದೆ. ನಮ್ಮ ಬಾಯಿಗೆ ಗುಡಿಸುವಾಗ ಫ್ಯಾನು ನಿಲ್ಲಬೇಕು, ಒರೆಸಿದ ಮೇಲೆ ತಿರುಗಬೇಕು. ಮೊದಲು ಅವಳೇ ಮಾಡಿಕೊಳ್ಳುತ್ತಿದ್ದಳು. ಈಗ ರಿಮೋಟು ಯಾವ ದಿಂಬಿನ ಕೆಳಗಿದೆಯೋ! "ಕಾಕಾ, ಪಂಖಾ ಲಾವಾ" ಎಂದು ದಿನಾ ನನ್ನನ್ನು ಕೂಗಬೇಕು. ಇಪ್ಪತ್ತು ವರ್ಷ ನಮ್ಮ ಮನೆ ನೋಡಿಕೊಂಡವಳು ಈಗ ಫ್ಯಾನಿಗೆ ಅಪ್ಪಣೆ ಕೇಳಬೇಕು.

ಹೊಸ ಫ್ಯಾನನ್ನು ನಾನು ಹಳಿಯುತ್ತಿಲ್ಲ. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಈ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ಮುಂಬಯಿಯ ಬಿಲ್ಲು ಕಟ್ಟುವವನಿಗೆ ಇದು ಸಣ್ಣ ವಿಷಯವಲ್ಲ. ಆದರೆ ಇದಕ್ಕೆ ಹಳೆಯ ರೆಗ್ಯುಲೇಟರ್ ಹೊಂದುವುದಿಲ್ಲ. ಸರಿ, ಅದರ ಬದಲಿಗೆ ಗೋಡೆಯ ಮೇಲೆ ತಿರುಗಿಸುವ ಒಂದು ಗುಂಡಿ ಕೊಡಬಹುದಿತ್ತಲ್ಲ? ಕರೆಂಟು ಉಳಿಸಿ, ಬೇಡ ಎಂದವರಾರು? ಕೈಗೆ ಸಿಗುತ್ತಿದ್ದದ್ದನ್ನು ಕಿತ್ತುಕೊಂಡು ಅದನ್ನೇ ಪ್ರಗತಿ ಎನ್ನಬೇಡಿ.

"ವಯಸ್ಸಾದವರಿಗೆ ಟೆಕ್ನಾಲಜಿ ತಲೆಗೆ ಹತ್ತುವುದಿಲ್ಲ" ಎನ್ನುವವರಿಗೆ ಒಂದು ಮಾತು. ನಮ್ಮಮ್ಮ ತೋಟದ ಪಂಪಿನ ಸ್ಟಾರ್ಟರ್ ಒತ್ತಿದವರು, ಹೊಲಿಗೆ ಮೆಷಿನ್ ನಡೆಸಿದವರು, ಈಗ ವಾಟ್ಸಾಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಊರಿನ ಸುದ್ದಿಯೆಲ್ಲ ಕಳಿಸುವವರು. ಅವರ ತಲೆಗೆ ಏನೂ ಆಗಿಲ್ಲ. ಒತ್ತಿದರೆ ಆಗಬೇಕು, ಆದದ್ದು ತಿಳಿಯಬೇಕು. ಅಷ್ಟು ಕೊಟ್ಟರೆ ಸಾಕು.

ಇದೇ ಮುಂಬಯಿಯಲ್ಲಿ 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥೂರ್ ಎಂಬ ಇಂಜಿನಿಯರ್ ಇದ್ದರು. ಅವರ ಹೆಂಡತಿಯ ವಿದೇಶಿ ಮಿಕ್ಸಿಯ ಮೋಟಾರು ನಮ್ಮ ಅಡುಗೆಯ ರುಬ್ಬುವಿಕೆ ತಾಳದೆ ಸುಟ್ಟಿತು. 'ನೀನು ಹೀಗೆಲ್ಲ ರುಬ್ಬಬಾರದು' ಎಂದು ಮಿಕ್ಸಿಗೆ ಟೇಪು ಅಂಟಿಸಲಿಲ್ಲ ಆ ಪುಣ್ಯಾತ್ಮ. ನಮ್ಮ ರುಬ್ಬುವಿಕೆಗೆ ತಕ್ಕ ಮೋಟಾರು ಕಟ್ಟಿದರು. ಅದೇ ಸುಮೀತ್ ಮಿಕ್ಸಿ. ನಮ್ಮ ಎಷ್ಟೋ ಮನೆಗಳ ದೋಸೆ, ಚಟ್ನಿ ಅದರಿಂದಲೇ ಆದವು. ವಿನ್ಯಾಸ ಶುರುವಾಗಬೇಕಾದದ್ದು ಅಡುಗೆಮನೆಯಿಂದ. ಈಗ ಶುರುವಾಗುತ್ತಿರುವುದು ಆ್ಯಪಿನಿಂದ.

ಇನ್ನೊಂದು ಮಗ್ಗುಲೂ ಇದೆ, ಒಪ್ಪುತ್ತೇನೆ. ಗಾಲಿಕುರ್ಚಿಯಲ್ಲಿ ಇರುವವರಿಗೆ, ಕೈ ನಡುಗುವವರಿಗೆ ಮಾತಿಗೆ ಉರಿಯುವ ದೀಪ ವರವೇ ಸರಿ. ಮನೆ ಬಿಟ್ಟು ಹೊರಟ ಮೇಲೆ ಗೀಸರ್ ನೆನಪಾದರೆ ರೈಲಿನಲ್ಲಿ ಕೂತೇ ಆರಿಸಬಹುದು. ಆದರೆ ಎಲ್ಲರಿಗೂ ಒದಗುವ ವಿನ್ಯಾಸ ಎಂಬ ಮಾತನ್ನು ಬಳಕೆಗೆ ತಂದ ರೊನಾಲ್ಡ್ ಮೇಸ್ ಸ್ವತಃ ಗಾಲಿಕುರ್ಚಿಯಲ್ಲಿದ್ದ ವಾಸ್ತುಶಿಲ್ಪಿ. 1997ರಲ್ಲಿ ಅವರೂ ಸಂಗಡಿಗರೂ ಏಳು ಸೂತ್ರ ಹೇಳಿದರು. ಅದರಲ್ಲಿ ಮೂರನೆಯದು, ಬಳಕೆ ಸರಳವಾಗಿರಬೇಕು, ಯಾರೂ ಹೇಳಿಕೊಡದೆ ತಿಳಿಯಬೇಕು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 43ನೆಯ ಕಲಂ ಕೂಡ ಇಂಥ ವಿನ್ಯಾಸದ ವಸ್ತುಗಳನ್ನು ಸರ್ಕಾರ ಪ್ರೋತ್ಸಾಹಿಸಬೇಕು ಎನ್ನುತ್ತದೆ. ಒಬ್ಬರಿಗೆ ದಾರಿ ತೆರೆಯಲು ಇನ್ನೊಬ್ಬರ ದಾರಿ ಮುಚ್ಚಿ ಎಂದು ಯಾರೂ ಹೇಳಿಲ್ಲ.

ಬಾಳಿಕೆಯ ಮಾತಂತೂ ಕೇಳಲೇಬೇಡಿ. ರಿವಾಲ್ವ್ ಎಂಬ 300 ಡಾಲರಿನ ಮನೆ-ಯಂತ್ರ ಅಮೆರಿಕದಲ್ಲಿ 2016ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಕೆಟ್ಟು ನಿಂತದ್ದಲ್ಲ, ಕಂಪನಿಯೇ ಅದರ ಸೇವೆ ನಿಲ್ಲಿಸಿದ್ದು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ಬಂದಾದವು. ಅದೇ ವರ್ಷ 'ಮ್ಯಾಟರ್' ಎಂಬ ಒಪ್ಪಂದ ಬಂದು ಬೇರೆ ಬೇರೆ ಕಂಪನಿಗಳ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಲು ಕಲಿತವು. ಒಳ್ಳೆಯದೇ. ಮನೆಯ ಮನುಷ್ಯರ ಜೊತೆ ಮಾತಾಡಲು ಕಲಿಯುವುದು ಯಾವಾಗ?

ಬೇಡಿಕೆ ದೊಡ್ಡದೇನಲ್ಲ. ಗೋಡೆಯ ಸ್ವಿಚ್ಚು ಯಾವತ್ತೂ ಕೆಲಸ ಮಾಡಬೇಕು. ನೆಟ್ ಹೋದರೂ ದೀಪ ಉರಿಯಬೇಕು. ಕರೆಂಟು ಹೋಗಿ ನಡುರಾತ್ರಿ ಬಂದಾಗ ಮಲಗುವ ಕೋಣೆಯ ಬಲ್ಬು ಧಗ್ಗನೆ ಉರಿದು ಎಲ್ಲರನ್ನೂ ಎಬ್ಬಿಸಬಾರದು. ಮಾರುಕಟ್ಟೆಗೆ ಬಿಡುವ ಮೊದಲು ವಸ್ತುವನ್ನು ಒಬ್ಬ ಅಜ್ಜಿಗೆ, ಒಬ್ಬ ಕೆಲಸದಾಕೆಗೆ, ಒಂದು ಮಗುವಿಗೆ ಕೊಟ್ಟು ಸುಮ್ಮನೆ ನೋಡಬೇಕು. ಅವರಿಗೆ ತಿಳಿಯದಿದ್ದರೆ ಮಾಡಿದವರು ವಾಪಸು ಹೋಗಿ ಸರಿಮಾಡಬೇಕು.

ಆಗುವುದಿಲ್ಲ ಎನ್ನಬೇಡಿ. ಮಗನಿಗೆ ಬೈದ ಮರುವಾರ ಎಲೆಕ್ಟ್ರಿಷಿಯನ್ ಬಂದ. ಸ್ವಿಚ್‌ಬೋರ್ಡಿನ ಒಳಗೆ, ಹಳೆಯ ಸ್ವಿಚ್ಚಿನ ಹಿಂದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ರಿಲೇ ಕೂರಿಸಿ ಮಾಮೂಲಿ ಬಲ್ಬು ಹಾಕಿದ. ಈಗ ಸ್ವಿಚ್ಚೂ ನಡೆಯುತ್ತದೆ, ಫೋನೂ ನಡೆಯುತ್ತದೆ, ಮೆಟ್ಟಿಲಿನ ಟೂ-ವೇ ಸ್ವಿಚ್ಚಿನ ಹಾಗೆ. ಟೇಪು ಕಿತ್ತು ಬಿಸಾಕಿದೆವು.

ಅಮ್ಮ ದೀಪಾವಳಿಗೆ ಮುಂಚೆ ಊರಿಗೆ ಹೋದರು. ಟೇಪು ಹೋದ ಮೇಲೂ, ಹೊರಡುವ ದಿನದವರೆಗೂ, ಸಂಜೆಯಾದರೆ ಸ್ವಿಚ್ಚಿನ ಮುಂದೆ ನಿಂತು ಕೇಳುತ್ತಿದ್ದರು: "ಇದನ್ನು ಮುಟ್ಟಬಹುದಾ ಮಗಾ?"