ಗೃಹಕೃತ್ಯ: ಮದುವೆಯ ಹೂವಿನ ಮಾತು

ಮಾಘಮಾಸವು ಸಮೀಪಿಸಿತೆಂದರೆ ನಮಗೆ ಬರುವ ಕಾಗದಗಳಲ್ಲಿ ಮದುವೆಯ ವಿಚಾರವಾದುವೇ ಹೆಚ್ಚು. ಈ ಸಲ ಬೆಂಗಳೂರಿನ ಒಬ್ಬ ಸೋದರಿಯು, ಮಗಳ ಮದುವೆಯ ಹೂವನ್ನು ಹೂವಾಡಗಿತ್ತಿಯೊಡನೆ ಒಟ್ಟು ಗುತ್ತಿಗೆಯಾಗಿ ಗೊತ್ತುಮಾಡಿಕೊಳ್ಳುವುದು ಲೇಸೋ, ಅಲ್ಲವೋ, ಆಕೆಯೊಡನೆ ಏನೇನು ಮಾತನಾಡತಕ್ಕದ್ದು ಎಂದು ಕೇಳಿದ್ದಾರೆ. ಅಡಿಗೆಯವರೊಡನೆ ಆಡಬೇಕಾದ ಮಾತು ನಮ್ಮ ಗೃಹಿಣಿಯರಿಗೆಲ್ಲ ಚೆನ್ನಾಗಿ ಬರುತ್ತದೆ. ಎಷ್ಟು ಎಲೆ, ಎಷ್ಟು ಪಂಕ್ತಿ, ಪಲ್ಯ ಎರಡೋ ಮೂರೋ, ಮಿಕ್ಕ ಸಾಮಾನು ಯಾರಿಗೆ, ಎಲ್ಲವೂ ಚೀಟಿಯಲ್ಲಿ ಬರೆದಿರುತ್ತದೆ. ಹೂವಿನ ಮಾತಾದರೋ "ಚೆನ್ನಾಗಿರಲಿ ಕಣಮ್ಮ" ಎಂಬಲ್ಲಿಗೆ ಮುಗಿಯುತ್ತದೆ. ಮನಸ್ತಾಪವು ಅಲ್ಲಿಂದಲೇ ಮೊದಲಾಗುತ್ತದೆ. ಇದನ್ನು ನಾವು ಕೇಳಿ ಹೇಳುತ್ತಿಲ್ಲ, ಪಟ್ಟು ಹೇಳುತ್ತಿದ್ದೇವೆ.

ನಮ್ಮ ಹಿರಿಯ ಮಗಳ ಮದುವೆಯು ಮಾಘದಲ್ಲಿಯೇ ಆಯಿತು. ಹದಿನೈದು ವರ್ಷಗಳಿಂದ ನಮ್ಮ ಬಾಗಿಲಿಗೆ ದಿನವೂ ಹೂವನ್ನು ತರುತ್ತಿದ್ದ ಹೂವಾಡಗಿತ್ತಿಗೇ ಆ ಕೆಲಸವನ್ನು ವಹಿಸಿದೆವು. ಮುಹೂರ್ತಕ್ಕೆ ಎರಡು ಹಾರ, ಆರತಕ್ಷತೆಗೆ ಎರಡು, ಮೊಗ್ಗಿನ ಜಡೆ, ಬಂದ ಮುತ್ತೈದೆಯರಿಗೆ ಮೂವತ್ತು ಮಾರು ಮಲ್ಲಿಗೆ, ಮಂಟಪದ ಕಂಬಗಳಿಗೆ ಸುತ್ತುವ ಸರ, ಇಷ್ಟಕ್ಕೂ ಸೇರಿ ಇಂತಿಷ್ಟು ಎಂದು ನಲವತ್ತು ದಿನಗಳ ಮುಂಚೆಯೇ ಬೆಲೆಯನ್ನು ಕಟ್ಟಿಸಿದೆವು. "ಹೂವಿನ ರೇಟು ಆವತ್ತಿಗೆ ಹೆಂಗಿರ್ತದೋ, ಅಮ್ಮಾವ್ರೇ" ಎಂದು ಆಕೆ ಅನುಮಾನಿಸಿದಳು. ನಾವು ಬಿಡಲಿಲ್ಲ. ವ್ಯವಹಾರದಲ್ಲಿ ಚತುರರೆಂದು ನಮಗೆ ನಮ್ಮ ವಿಷಯದಲ್ಲಿ ಅಭಿಮಾನವಿತ್ತು. ಕೊನೆಗೆ ಆಕೆ ತಲೆಯಾಡಿಸಿದಳು.

ಮದುವೆಯ ದಿನ ಬಂದ ಬುಟ್ಟಿಗಳಲ್ಲಿ ಮಲ್ಲಿಗೆಯ ನಡುವೆ ಕಾಕಡವು ಸೇರಿತ್ತು. ಸರವನ್ನು ಕಟ್ಟಿದ್ದು ಎಷ್ಟು ವಿರಳವಾಗಿತ್ತೆಂದರೆ ಹೂವಿಗೂ ಹೂವಿಗೂ ನಡುವೆ ಹೆಬ್ಬೆರಳು ತೂರುತ್ತಿತ್ತು. ಹಾರದ ಸುಗಂಧರಾಜವು ಹಿಂದಿನ ದಿನದ್ದಾಗಿ ಅಂಚು ಕಂದಿತ್ತು. ಬೀಗರ ಎದುರಿಗೇ ನಾವು ಆಡಬಾರದ ಮಾತನ್ನಾಡಿದೆವು. ಆಕೆ ಒಂದು ಮಾತಿಗೂ ಉತ್ತರ ಕೊಡದೆ ಬುಟ್ಟಿಗಳನ್ನು ಬರಿದು ಮಾಡಿ ಹೊರಟುಹೋದಳು. ಬಾಕಿಯ ಹಣವನ್ನು ಕೇಳುವುದಕ್ಕೂ ಬರಲಿಲ್ಲ. ನಾವೂ ಕಳುಹಿಸಲಿಲ್ಲ. ಮರುದಿನದಿಂದ ಬಾಗಿಲಿಗೆ ಬೇರೊಬ್ಬಳು ಹೂವನ್ನು ತರತೊಡಗಿದಳು.

ಒಂದೆರಡು ವರ್ಷಗಳ ತರುವಾಯ ವರಮಹಾಲಕ್ಷ್ಮಿಯ ಹಬ್ಬದ ಹೂವಿಗೆಂದು ನಾವೇ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವ ಪ್ರಸಂಗವೊದಗಿತು. ಸೂರ್ಯೋದಯಕ್ಕೆ ಬಹಳ ಮುಂಚೆಯೇ ಅಲ್ಲಿ ವ್ಯಾಪಾರವು ಭರದಿಂದ ಸಾಗುತ್ತಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆಯಿಂದಲೂ ಹೊಸೂರಿನ ಆಚೆಯಿಂದಲೂ ಬಂದ ಬಿಡಿ ಹೂವು ಮೂಟೆಮೂಟೆಯಾಗಿ ಬಿದ್ದಿರುತ್ತದೆ. ಅಲ್ಲಿ ಮೊಳದ ಮಾತಿಲ್ಲ, ತೂಕದ ಮಾತು. ಒಬ್ಬ ವ್ಯಾಪಾರಿಯು ನಮ್ಮ ಕಣ್ಣೆದುರಿಗೇ ಒಂದು ಗಂಟೆಯೊಳಗಾಗಿ ಒಂದೇ ಹೂವಿಗೆ ಮೂರು ಬೆಲೆಗಳನ್ನು ಹೇಳಿದನು. ನಮ್ಮ ಬಾಗಿಲಿಗೆ ಬರುವ ಹೆಂಗಸರು ಅಂತಹ ಬೆಲೆಗೆ ಹೂವನ್ನು ಕೊಂಡು, ಬಸ್ಸಿನಲ್ಲಿ ಹೊತ್ತು ತಂದು, ಮನೆಯಲ್ಲಿ ಅತ್ತೆ ಸೊಸೆಯರು ಕುಳಿತು ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಕೊಳ್ಳುವ ಬೆಲೆ ಅವರ ಕೈಯಲ್ಲಿಲ್ಲ. ಕಟ್ಟುವ ಬೆರಳು ಮಾತ್ರ ಅವರದು.

ಮಾಘದ ಮದುವೆಯ ವಿಷಯವನ್ನು ಇದರೊಡನೆ ಸೇರಿಸಿ ನೋಡತಕ್ಕದ್ದು. ಚಳಿಯಲ್ಲಿ ಮಲ್ಲಿಗೆಯ ಬಳ್ಳಿಯು ಮೊಗ್ಗು ಬಿಡುವುದೇ ಕಡಮೆ. ಅದರ ಸುಗ್ಗಿಯೇನಿದ್ದರೂ ಬಿಸಿಲೇರುವ ಫಾಲ್ಗುಣ ಚೈತ್ರಗಳಿಂದೀಚೆಗೆ. ಇತ್ತ ಧನುರ್ಮಾಸದಲ್ಲಿ ಶುಭಕಾರ್ಯಗಳು ನಿಂತಿರುವುದರಿಂದ ತಡೆದಿದ್ದ ಮದುವೆಗಳೆಲ್ಲ ಮಾಘಕ್ಕೆ ಒಮ್ಮೆಗೇ ನುಗ್ಗುತ್ತವೆ. ಪಂಚಾಂಗವು ಊರಿಗೆಲ್ಲ ಒಂದೇ ಆದುದರಿಂದ ಒಳ್ಳೆಯ ಲಗ್ನವೂ ಎಲ್ಲರಿಗೂ ಒಂದೇ ದಿನ. ಹೂವು ಅತ್ಯಲ್ಪವಾಗಿರುವ ದಿನದಲ್ಲಿಯೇ ಊರೆಲ್ಲವೂ ಹೂವಿಗೆ ಕೈಯೊಡ್ಡುತ್ತದೆ. ಕರಾವಳಿಯ ಶಂಕರಪುರದ ಮಲ್ಲಿಗೆಯು ಚಳಿಗಾಲದ ಮದುವೆಯ ದಿನಗಳಲ್ಲಿ ಅಟ್ಟೆಯೊಂದಕ್ಕೆ ಎರಡು ಸಾವಿರ ರೂಪಾಯಿಗಳನ್ನು ಮುಟ್ಟಿದ್ದುಂಟು. ಹೀಗಿರಲು, ನಲವತ್ತು ದಿನ ಮುಂಚೆ ಕಟ್ಟಿದ ಬೆಲೆಯನ್ನು ಅಂದು ನಡೆಸೆಂದರೆ ಅಲ್ಪ ಬಂಡವಾಳದ ಆ ಹೆಂಗಸಿಗೆ ಎರಡೇ ದಾರಿಗಳು. ಸಾಲ ಮಾಡಿ ನಷ್ಟಪಡುವುದು, ಇಲ್ಲವೇ ಕಾಕಡವನ್ನು ಸೇರಿಸುವುದು. ಆಕೆ ಅರ್ಧ ಸಾಲ ಮಾಡಿದಳು, ಅರ್ಧ ಕಾಕಡವನ್ನು ಸೇರಿಸಿದಳೆಂದು ನಮಗೆ ಆಮೇಲೆ ತಿಳಿದುಬಂದಿತು.

ಆದುದರಿಂದ ಒಟ್ಟು ಗುತ್ತಿಗೆಯು ಬೇಡವೆಂದೇ ನಮ್ಮ ಅಭಿಪ್ರಾಯ. ಹೂವಿನ ಬೆಲೆ ಬೇರೆ, ಕಟ್ಟುವ ಕೂಲಿ ಬೇರೆ ಎಂದು ಎರಡು ಲೆಕ್ಕವಿರಲಿ. ಕೂಲಿಯನ್ನು ಈಗಲೇ ನಿಷ್ಕರ್ಷೆ ಮಾಡಿ, ಸ್ವಲ್ಪ ಮುಂಗಡವನ್ನು ಕೊಟ್ಟುಬಿಡಬಹುದು. ಹೂವಿಗೆ ಆ ದಿನದ ಪೇಟೆಯ ಬೆಲೆ. ನಂಬಿಕೆ ಸಾಲದಿದ್ದರೆ ಮನೆಯ ಹುಡುಗನೊಬ್ಬನನ್ನು ಆಕೆಯ ಜೊತೆಯಲ್ಲಿ ಮಾರುಕಟ್ಟೆಗೆ ಕಳುಹಿಸಲಿ. ನಾಲ್ಕು ಗಂಟೆಗೆ ಎದ್ದರೆ ಅವನಿಗೇನೂ ಆಗುವುದಿಲ್ಲ. ಮಲ್ಲಿಗೆ ಇಂತಿಷ್ಟನ್ನು ಮೀರಿದರೆ ಮಂಟಪಕ್ಕೆ ಸೇವಂತಿಗೆ, ಮುಡಿಯುವುದಕ್ಕೆ ಕನಕಾಂಬರವೂ ಮರುಗವೂ ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು. ಹೇಳಿ ಹಾಕಿದ ಕಾಕಡವು ಅಲಂಕಾರ, ಹೇಳದೆ ಹಾಕಿದ್ದು ಮೋಸವಾಗಿ ಕಾಣುತ್ತದೆ. ಹೂವು ಎರಡೂ ಕಡೆ ಅದೇ.

ಅಳತೆಯ ವಿಷಯದಲ್ಲಿಯೂ ಒಂದು ಮಾತುಂಟು. ಮೊಳವೆಂಬುದು ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವಾದುದರಿಂದ ಒಬ್ಬೊಬ್ಬರ ಮೊಳ ಒಂದೊಂದು ಬಗೆ. ಅದು ದಾರದ ಅಳತೆಯೇ ಹೊರತು ಹೂವಿನದಲ್ಲ. ಉಡುಪಿಯ ಕಡೆಯವರು ಈ ತಕರಾರಿಗೆ ಎಡೆಗೊಡದಂತೆ ಹೂವನ್ನೇ ಎಣಿಸುತ್ತಾರೆ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ, ಅಂದರೆ 3,200 ಹೂವಿಗೆ, ಒಂದು ಅಟ್ಟೆ. ನಮ್ಮ ಕಡೆಯಲ್ಲಿ ಎಣಿಸುವ ಪದ್ಧತಿಯಿಲ್ಲ. ಆದಕಾರಣ ಒಂದು ಗೇಣು ಸರವನ್ನು ಮಾದರಿಯಾಗಿ ಕಟ್ಟಿಸಿ ನೋಡಿ, "ಇಷ್ಟು ಒತ್ತಾಗಿರಲಿ" ಎಂದು ತೋರಿಸುವುದೊಂದೇ ಉಪಾಯ.

ಇನ್ನು ಮೊಗ್ಗಿನ ಜಡೆ. ಇದರ ಮೇಲೆ ನಮ್ಮ ಹೆಣ್ಣುಮಕ್ಕಳಿಗಿರುವ ಮೋಹವು ಅಜ್ಜಿಯರ ಕಾಲದಿಂದ ಸ್ವಲ್ಪವೂ ಕುಗ್ಗಿಲ್ಲ. ಜಡೆಯೂ ಮುಖವೂ ಒಂದೇ ಪಟದಲ್ಲಿ ಕಾಣಲೆಂದು ಬೆನ್ನಹಿಂದೆ ಕನ್ನಡಿಯನ್ನಿಟ್ಟು ತೆಗೆಸಿದ ಛಾಯಾಚಿತ್ರವು ಎಷ್ಟು ಮನೆಗಳ ಗೋಡೆಯ ಮೇಲಿಲ್ಲ! ಆದರೆ ಮೊಗ್ಗು ನಮ್ಮ ಮೋಹಕ್ಕಾಗಿ ಕಾಯುವುದಿಲ್ಲ. ಮುಂಜಾವದಲ್ಲಿ ಬಿಡಿಸಿದ ಮಲ್ಲಿಗೆಯ ಮೊಗ್ಗು ಅಂದಿನ ಸಂಜೆಗೆ ಅರಳಿಬಿಡುತ್ತದೆ. ಅದನ್ನು ಸೂಜಿಯಿಂದ ಒಂದೊಂದಾಗಿ ಪೋಣಿಸಿ, ಸಾಲುಸಾಲಾಗಿ ಹೊಲಿದು, ಜಡೆಬಿಲ್ಲೆ ಕುಚ್ಚುಗಳನ್ನು ಕೂರಿಸುವುದು ಗಂಟೆಗಟ್ಟಲೆಯ ಕೆಲಸ. ಮುಹೂರ್ತವು ಮಧ್ಯಾಹ್ನಕ್ಕೆ ಸಮೀಪವಾಗಿದ್ದರೆ ಅಂದಿನ ಮೊಗ್ಗಿನಲ್ಲಿಯೇ ಜಡೆಯನ್ನು ಹೊಲಿಯಬಹುದು. ಬೆಳಗಿನ ಆರು ಗಂಟೆಯ ಲಗ್ನವಾದರೆ ಹಿಂದಿನ ದಿನದ ಮೊಗ್ಗನ್ನು ತಂಪಿನಲ್ಲಿಟ್ಟು ತಡೆದು ರಾತ್ರಿಯೆಲ್ಲ ಹೊಲಿಯಬೇಕಾಗುತ್ತದೆ. ಆ ರಾತ್ರಿಯ ಕೂಲಿಯು ನ್ಯಾಯವಾಗಿಯೇ ಹೆಚ್ಚು. ಬೆಳಗಿನ ಜಡೆಯನ್ನೇ ಸಂಜೆಯ ಆರತಕ್ಷತೆಗೂ ಇಟ್ಟುಕೊಳ್ಳುವೆವೆನ್ನುವವರು, ಆ ಹೊತ್ತಿಗೆ ಅದು ಮೊಗ್ಗಿನ ಜಡೆಯಾಗಿರದೆ ಹೂವಿನ ಜಡೆಯಾಗಿರುವುದೆಂದು ತಿಳಿದಿರಲಿ. ಪರಿಮಳವು ಆಗಲೇ ಹೆಚ್ಚು. ಪಟಕ್ಕೆ ಮಾತ್ರ ಅಷ್ಟು ಅಂದವಾಗಿ ಬರುವುದಿಲ್ಲ.

ಹಾರದ ವಿಷಯದಲ್ಲಿ ಉದ್ದದ ಹುಚ್ಚು ಬೇಡ. ಮೊಳಕಾಲನ್ನು ಮುಟ್ಟುವ ಹಾರವು ನಿಂತಾಗ ಚೆಂದ. ಹಸೆಯ ಮೇಲೆ ಕುಳಿತೊಡನೆ ಅದು ಮಡಿಲಲ್ಲಿ ರಾಶಿಯಾಗಿ, ತುದಿಯು ಹೋಮಕುಂಡದತ್ತ ಜಾರುತ್ತದೆ. ನೀರು ಚಿಮುಕಿಸಿದ ಗುಲಾಬಿಯ ದಳದಿಂದ ಧಾರೆಯ ಸೀರೆಗೆ ಕಲೆಯಾದದ್ದನ್ನೂ ಕಂಡಿದ್ದೇವೆ. ಆರ್ಕಿಡ್ಡು, ಜರ್ಬೆರಾ ಮುಂತಾದ ಹೊರನಾಡಿನ ಹೂವುಗಳನ್ನು ಕಂಡು ಹಿರಿಯರು ಸಿಡಿಮಿಡಿಗೊಳ್ಳುವುದುಂಟು. ನಾವು ಆ ಪಂಗಡದವರಲ್ಲ. ಹಾರದ ಸುಗಂಧರಾಜವೂ ತೋರಣದ ಚೆಂಡುಹೂವೂ ಒಂದು ಕಾಲದಲ್ಲಿ ಮೆಕ್ಸಿಕೋ ದೇಶದಿಂದ ಸಮುದ್ರವನ್ನು ದಾಟಿ ಬಂದುವೇ. ಹೂವನ್ನು ಚುಚ್ಚಿಡುವುದಕ್ಕೆ ಬಳಸುವ ಹಸಿರು ಸ್ಪಂಜಿನ ಇಟ್ಟಿಗೆಯ ವಿಷಯದಲ್ಲಿ ಮಾತ್ರ ನಮ್ಮ ಆಕ್ಷೇಪಣೆಯಿದೆ. ಅದು ಒಂದು ಬಗೆಯ ಪ್ಲಾಸ್ಟಿಕ್ಕು, ಮಣ್ಣಿನಲ್ಲಿ ಕರಗುವುದಿಲ್ಲ. ಬಾಳೆಯ ದಿಂಡಿಗೆ ಚುಚ್ಚಿದರೂ ಹೂವು ನಿಲ್ಲುತ್ತದೆ.

ಕಳೆದ ವೈಶಾಖದಲ್ಲಿ ನಮ್ಮ ಎರಡನೆಯ ಮಗಳ ಮದುವೆಯಾಯಿತು. ಹಳೆಯ ಹೂವಾಡಗಿತ್ತಿಯು ಗಾಂಧಿಬಜಾರಿನಲ್ಲಿ ಕುಳಿತುಕೊಳ್ಳುವಳೆಂದು ವಿಚಾರಿಸಿ ತಿಳಿದು, ಬಾಕಿಯ ಹಣವನ್ನು ಒಂದು ಲಕೋಟೆಯಲ್ಲಿಟ್ಟುಕೊಂಡು ಹೋದೆವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ ಮಾತೊಂದೂ ಬಾಯಿಗೆ ಬರಲಿಲ್ಲ. ಲಕೋಟೆಯನ್ನು ಬುಟ್ಟಿಯ ಪಕ್ಕದಲ್ಲಿಟ್ಟೆವು. ಆಕೆ ಕೈಯನ್ನು ಸೆರಗಿಗೆ ಒರಸಿಕೊಂಡು, ಹಣವನ್ನು ಎರಡು ಸಲ ಎಣಿಸಿ, ಅದರಲ್ಲಿ ಎರಡು ನೋಟುಗಳನ್ನು ತೆಗೆದು ನಮ್ಮ ಕೈಗೆ ಹಿಂದಿರುಗಿಸಿದಳು.

"ಇದ್ಯಾಕಮ್ಮ?" ಎಂದೆವು.

"ಕಾಕಡ ಹಾಕಿದ್ನಲ್ಲಾ, ಅಮ್ಮಾವ್ರೇ" ಎಂದಳು. ಉಳಿದುದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಚಿಕ್ಕಮ್ಮಣ್ಣಿದಾ ಮದುವೆ? ಮುಹೂರ್ತ ಎಷ್ಟು ಗಂಟೆಗೆ?" ಎಂದು ಕೇಳಿದಳು.

ಮಿಕ್ಕ ಮಾತು ಕಾಲುಗಂಟೆಯಲ್ಲಿ ಮುಗಿಯಿತು. ಕೂದಲು ಎಷ್ಟುದ್ದ, ವರನು ಎಷ್ಟೆತ್ತರ, ಛತ್ರದಲ್ಲಿ ಹೂವನ್ನಿಡುವುದಕ್ಕೆ ತಂಪಾದ ಕೋಣೆಯಿದೆಯೇ, ಇಷ್ಟನ್ನು ಆಕೆಯೇ ಕೇಳಿದಳು. ಬೆಲೆಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ, ಕೂಲಿಯನ್ನು ಮಾತ್ರ ಗೊತ್ತುಮಾಡಿದೆವು. ವೈಶಾಖವಾದುದರಿಂದ ಮಲ್ಲಿಗೆಯು ಯಥೇಚ್ಛವಾಗಿ ಬರುತ್ತಿತ್ತು. ಲೆಕ್ಕವು ನಾವು ಹೆದರಿದ್ದುದಕ್ಕಿಂತ ಕಡಮೆಗೇ ಬಂದಿತು.

ಕಾಗದ ಬರೆದ ಸೋದರಿಯು ಮದುವೆಯ ತಿಥಿಯನ್ನೂ ಛತ್ರದ ಹೆಸರನ್ನೂ ಬರೆದಿದ್ದಾರೆ. ಲಗ್ನದ ಗಂಟೆಯನ್ನು ಬರೆದಿಲ್ಲ. ಹೂವಿನವರಲ್ಲಿಗೆ ಹೋಗುವಾಗ ಅದನ್ನು ಪುರೋಹಿತರಿಂದ ಚೀಟಿಯಲ್ಲಿ ಬರೆಯಿಸಿಕೊಂಡು ಹೋಗಲಿ.