ಗಿರಣಿಯ ಲೆಕ್ಕದಲ್ಲಿ ನಮ್ಮದೊಂದು ಸಾಲು

ಗಿರಣಿಯ ಲೆಕ್ಕ ಗುಮಾಸ್ತನ ಕೆಲಸ, ಕೂಲಿಗಾರನಿಗೆ ಅದರ ಗೊಡವೆ ಏಕೆಂದು ಕೇಳುವವರು ಧಣಿಗಳಷ್ಟೇ ಅಲ್ಲ. ನಮ್ಮ ಜೊತೆಗಾರರಲ್ಲೂ ಇದ್ದಾರೆ. ಅವರಿಗೆ ನಾವು 1951ರ ಕಾಗೋಡನ್ನು ನೆನಪಿಸಬೇಕಾಗಿದೆ. ಅಲ್ಲಿಯ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಭತ್ತ ಅಳೆಯುವ ಕೊಳಗದ್ದೂ ಒಂದು. ಅಳತೆ ಧಣಿಯ ಕೈಯಲ್ಲಿರುವತನಕ ನ್ಯಾಯವೂ ಅವನ ಕೈಯಲ್ಲೇ. ಇಂದು ಆ ಕೊಳಗ ಕಂಪ್ಯೂಟರಿನೊಳಗೆ ಕುಳಿತಿದೆ.

ಭವಿಷ್ಯನಿಧಿಯ ಕಾಯಿದೆಗೆ ಒಳಪಟ್ಟ ಗಿರಣಿಯಿಂದ ತಿಂಗಳು ತಿಂಗಳೂ ನಿಧಿಯ ಕಚೇರಿಗೆ ಒಂದು ಫೈಲು ಹೋಗುತ್ತದೆ. 2012ರಿಂದ ಈ ಪದ್ಧತಿ. ಅದರಲ್ಲಿ ಮಂತ್ರವೇನೂ ಇಲ್ಲ, ಬರಿಯ ಅಕ್ಷರ, ಬರಿಯ ಅಂಕಿ. ಆಳಿಗೊಂದು ಸಾಲು, ಸಾಲಿಗೆ 11 ಮನೆ, ಮನೆಮನೆಯ ನಡುವೆ #~# ಎಂಬ ಗೋಡೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ನಾಲ್ಕನೆಯ ಇಯತ್ತೆಯ ಹುಡುಗನೂ ಅಂಕಿ ಓದಿಯಾನು. ಮೊದಲೆರಡು ಮನೆಯಲ್ಲಿ 12 ಅಂಕಿಯ ಸದಸ್ಯ ಸಂಖ್ಯೆ ಮತ್ತು ಹೆಸರು. ಮೂರನೆಯದು ಒಟ್ಟು ವೇತನ. ಮುಂದಿನ ಮೂರು, ನಿಧಿಗೆ, ಪಿಂಚಣಿಗೆ, ವಿಮೆಗೆ ಲೆಕ್ಕ ಹಿಡಿದ ವೇತನ. ಅಲ್ಲಿ 12000 ಇದ್ದರೆ ಏಳನೆಯ ಮನೆಯಲ್ಲಿ 1440, ಎಂಟರಲ್ಲಿ 1000, ಒಂಬತ್ತರಲ್ಲಿ 440 ಇರಬೇಕು. ಏಳನೆಯದು ನಮ್ಮ ಕೂಲಿಯಿಂದ ಮುರಿದುಕೊಂಡದ್ದು; ಎಂಟು ಒಂಬತ್ತು ಕೂಡಿಸಿದರೆ ಧಣಿಯ ಪಾಲು.

ಹತ್ತನೆಯ ಮನೆಯ ಮೇಲೆ ಕಣ್ಣಿಡಿರಿ ಎನ್ನುತ್ತೇವೆ. ಅದು ಕೂಲಿಯಿಲ್ಲದ ದಿನಗಳ ಮನೆ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ಈ ದಿನಗಳು ಆ ಸೇವೆಯಿಂದ ಕಳೆದುಹೋಗುತ್ತವೆ. ಭತ್ತ ಬಾರದ ತಿಂಗಳುಗಳಲ್ಲಿ ಅಕ್ಕಿ ಗಿರಣಿ ನಿಂತದ್ದು ನಿಜವಿರಬಹುದು. ಆದರೆ ಹಾಜರಿ ಪುಸ್ತಕದಲ್ಲಿ ಪೂರಾ ತಿಂಗಳಿದ್ದು ಇಲ್ಲಿ 8 ಎಂದು ಬಿದ್ದರೆ? ಅದು ಕೈತಪ್ಪೋ ಕೈಚಳಕವೋ, ಓದದವನಿಗೆ ಎರಡೂ ಒಂದೇ.

ಇನ್ನು ಸಣ್ಣ ವ್ಯಾಪಾರಿ ಬಂಧುಗಳ ಮಾತು. ಹಿಂದೆ ಅಂಗಡಿಯ ಲೆಕ್ಕ ಕಪ್ಪು ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದದ್ದು, ಬಿಚ್ಚಿದವನು ಓದುತ್ತಿದ್ದ. ಇಂದು ಶಿರಾಳಕೊಪ್ಪದ ಅಂಗಡಿಕಾರನೂ ಆನವಟ್ಟಿಯ ಅಂಗಡಿಕಾರನೂ ಬಿಲ್ಲು ಹೊಡೆಯುವ ತಂತ್ರಾಂಶಕ್ಕೆ ವರ್ಷವರ್ಷವೂ ಕಪ್ಪ ಕಟ್ಟುವಂತಾಗಿದೆ. ಕಪ್ಪ ನಿಂತ ದಿನ ಲೆಕ್ಕಕ್ಕೂ ಬೀಗ! ನಮ್ಮ ಸಾಲದ ಖಾತೆಗೆ ಇನ್ನೊಬ್ಬನ ಬೀಗವೇ? ಕೊಳ್ಳುವ ಮೊದಲೇ ಕೇಳಿರಿ: ಲೆಕ್ಕವನ್ನೆಲ್ಲ ಸಿ.ಎಸ್.ವಿ. ಫೈಲಾಗಿ ಹೊರಕ್ಕೆ ಕೊಡುತ್ತದೆಯೇ? ಅದು ಅಲ್ಪವಿರಾಮದ ಗೋಡೆಯ ಬರಿಯ ಅಕ್ಷರದ ಫೈಲು. ಯಾವ ಕಂಪ್ಯೂಟರೂ ತೆರೆಯುತ್ತದೆ. 2017ರ ಜುಲೈ 1ರಂದು ಬಂದ ಜಿ.ಎಸ್.ಟಿ.ಯ ಸರ್ಕಾರಿ ತಂತ್ರಾಂಶವೇ ಇದನ್ನು ಒಪ್ಪುತ್ತದೆ. ಕೊಡುವುದಿಲ್ಲ ಎಂದವನಿಗೆ ಕೈಮುಗಿದು ಹೊರಡಿಸಿರಿ.

ಈ ಫೈಲೂ ಮೋಸ ಮಾಡದೆಂದು ನಾವು ಹೇಳುವುದಿಲ್ಲ. 1,25,000 ಎಂದು ನಮ್ಮ ಪದ್ಧತಿಯಂತೆ ಬರೆದರೆ ಆ ಅಲ್ಪವಿರಾಮಗಳೇ ಗೋಡೆಯಾಗಿ ಲಕ್ಷ ಮೂರು ಚೂರಾಗುತ್ತದೆ. 125000 ಎಂದೇ ಬರೆಯಿರಿ, ಇಲ್ಲವೇ ಜೋಡಿ ಉದ್ಧರಣ ಚಿಹ್ನೆಯೊಳಗಿಡಿ. ಎಕ್ಸೆಲಿನಲ್ಲಿ ಸುಮ್ಮನೆ ತೆರೆದರೆ 12 ಅಂಕಿಯ ಸಂಖ್ಯೆ 1.01ಇ+11ರಂತಹ ವಿಕಾರವಾಗಿ ಕಾಣುತ್ತದೆ. ಹಾಗೆಯೇ ಉಳಿಸಿದಿರೋ, ಕೊನೆಯ ಅಂಕಿಗಳು ಹೋದವು. ಆ ಅಂಕಣವನ್ನು ಅಕ್ಷರವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕನ್ನಡದ ಹೆಸರುಗಳಿದ್ದರೆ ಯು.ಟಿ.ಎಫ್.-8 ಎಂದು ಉಳಿಸಬೇಕು, ಇಲ್ಲವಾದರೆ ಊರಿನವರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಾರೆ. (ಕಚೇರಿಗಳಲ್ಲಿ ಈಗಾಗಲೇ ನಾವು ಹಾಗೆಯೇ ಅಲ್ಲವೇ!)

ಭವಿಷ್ಯನಿಧಿಯ ಪಾಸ್‌ಬುಕ್ಕು ಇದೆಯಲ್ಲ ಎಂದು ಕೆಲವರು ಹೇಳುವರು. ಇರಲಿ. ಅದು ಕಚೇರಿಗೆ ಮುಟ್ಟಿದ ಹಣದ ಸಾಕ್ಷಿ. ಧಣಿ ಏನು ಬರೆದು ಕಳಿಸಿದನೆಂಬುದಕ್ಕೆ ಅವನ ಫೈಲೇ ಸಾಕ್ಷಿ. ಬಟವಾಡೆಯ ದಿನ ಪ್ರತಿಯೊಬ್ಬ ಕಾರ್ಮಿಕನಿಗೂ ಅವನವನ ಸಾಲನ್ನು ಅಚ್ಚುಹಾಕಿ ಕೈಗೆ ಕೊಡಬೇಕು, 11 ಮನೆಗಳ ಹೆಸರನ್ನೂ ಕನ್ನಡದಲ್ಲಿ ಬರೆದು. ಒಂದು ಹಾಳೆ ಕಾಗದದ ಖರ್ಚು. ಶಿಕಾರಿಪುರ, ಸೊರಬಗಳ ಗಿರಣಿಗಳ ಮುಂದೆ ನಾವು ಇಡುವ ಬೇಡಿಕೆ ಇದು. ಮುಂದಿನ ಬಟವಾಡೆಗೆ ಹೋಗುವಾಗ ಹಾಜರಿಯ ದಿನಗಳನ್ನು ಬರೆದಿಟ್ಟುಕೊಂಡೇ ಹೋಗಿರಿ.