ತಿಳಿ ಬೇರೆ, ಬಿಳಿ ಬೇರೆ

ಸೋಸದ ಚಹಾಕ್ಕೆ ಚಮಚ ಹಾಕಿ ಗಿರ್ರನೆ ತಿರುಗಿಸಿ ಬಿಡಿ. ಸೊಪ್ಪೆಲ್ಲ ಲೋಟದ ಅಂಚಿಗೆ ಹೋಗಬೇಕಿತ್ತು ಅನಿಸುತ್ತದೆ. ಆದರೆ ತಳದ ನಟ್ಟನಡುವೆ ಗುಡ್ಡೆಯಾಗುತ್ತದೆ. ತಳಕ್ಕೆ ತಾಗಿದ ನೀರಿನ ವೇಗ ಕಡಿಮೆಯಾಗಿ, ಅದು ಒಳಮುಖವಾಗಿ ಹರಿಯುವುದೇ ಕಾರಣ. 1926ರಲ್ಲಿ ಐನ್‌ಸ್ಟೈನ್ ಇದನ್ನು ವಿವರಿಸಿದ್ದರು.

ಬಿಯರ್ ಮಾಡುವವರಿಗೂ ಇದೇ ಉಪಾಯ ಬೇಕು. ಮೊಳಕೆ ಬಾರ್ಲಿಯ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಹೂವಿನ ಜೊತೆ ಕುದಿಸಿದಾಗ ಪ್ರೋಟೀನು ಒಡೆದ ಹಾಲಿನಂತೆ ಗಟ್ಟಿಯಾಗುತ್ತದೆ. ಕೊನೆಯ ಹತ್ತು-ಹದಿನೈದು ನಿಮಿಷ ಐರಿಶ್ ಮಾಸ್ ಎಂಬ ಕಡಲಪಾಚಿ ಹಾಕಿದರೆ ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಲೆ ಆರಿಸಿ, ಜೋರಾಗಿ ಸುತ್ತಿಸಿ, ಸುಮ್ಮನೆ ಬಿಟ್ಟರೆ ಗಸಿ ನಡುವೆ ಕೂರುತ್ತದೆ. ತಿಳಿಯನ್ನು ಪಕ್ಕದಿಂದ ಇಳಿಸಿಕೊಳ್ಳುತ್ತಾರೆ.

"ಹಾಗಾದ್ರೆ ಗಚ್ಚಿಬೌಲಿ ಫ್ಲ್ಯಾಟಿನಲ್ಲೇ ಮಾಡೋಣವಾ?" ಅಂದರೆ, ಬೇಡ. ತೆಲಂಗಾಣದಲ್ಲೂ ಜಾರಿಯಲ್ಲಿರುವ 1968ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಆದರೆ ಸಿಹಿ ರಸ ಕುದಿಸಿ ಗಸಿ ತೆಗೆಯುವ ವಿದ್ಯೆ ನಮ್ಮ ಮಂಡ್ಯದ ಆಲೆಮನೆಗಳಿಗೆ ಹೊಸದಲ್ಲ. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆ ಹಾಕುತ್ತಾರೆ. ಕಡಲಪಾಚಿಯ ಕೆಲಸವನ್ನೇ ಇಲ್ಲಿ ಬೆಂಡೆ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೊಳೆ ತಳಕ್ಕಿಳಿಯುತ್ತದೆ, ಇಲ್ಲಿ ನೊರೆಯಾಗಿ ಮೇಲೆ ಬರುತ್ತದೆ. ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ.

ಹೀಗೆ ಕೊಳೆ ತೆಗೆದರೂ ಬೆಲ್ಲ ಕಂದಾಗಿಯೇ ಇರುತ್ತದೆ. ಬಣ್ಣ ತಿಳಿಯಾಗಬೇಕೆಂದು ಕೆಲವರು ಹೈಡ್ರೋಸ್ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕುವಲ್ಲಿ ಬಳಸುವ ರಾಸಾಯನಿಕ. ಅದು ಗಸಿ ತೆಗೆಯುವುದಿಲ್ಲ, ಬಣ್ಣವನ್ನಷ್ಟೇ ಮಾಯ ಮಾಡುತ್ತದೆ. ಬೆಂಡೆಗೆ ಕೈಕೆಲಸ ಬೇಕು, ತಾಳ್ಮೆ ಬೇಕು. ಪುಡಿಗೆ ಒಂದು ಚಿಟಿಕೆ ಸಾಕು. ಅಂಗಡಿಯಲ್ಲಿ ನಾವು ಹೊನ್ನಿನ ಬಣ್ಣದ ಅಚ್ಚನ್ನೇ ಆರಿಸಿದರೆ ಆಲೆಮನೆಯವರು ಯಾವುದನ್ನು ಹಾಕಿಯಾರು?

ನಮ್ಮ ಹೈದರಾಬಾದಿನಲ್ಲಿ ಇನ್ನೊಂದು ತೊಡಕು. ಇಲ್ಲಿ 'ನಲ್ಲ ಬೆಲ್ಲಂ', ಅಂದರೆ ಕರಿ ಬೆಲ್ಲ, ಎಂದರೆ ಗುಡುಂಬಾ ಕಳ್ಳಭಟ್ಟಿ ನೆನಪಾಗುತ್ತದೆ. ಅಬಕಾರಿ ದಾಳಿಗಳಲ್ಲಿ ಸಿಕ್ಕಿಬೀಳುವುದೂ ಅದೇ. ಹಾಗಾಗಿ ಬಣ್ಣ ಗಾಢವಾದಷ್ಟೂ ಅನುಮಾನ. ಪಾಪ, ಪಾಯಸಕ್ಕೆ ಬಂದ ಕಂದು ಬೆಲ್ಲ ಏನು ತಪ್ಪು ಮಾಡಿತ್ತು?

ಮುಂದಿನ ಸಲ ಕಂದು ಬೆಲ್ಲವನ್ನೇ ತನ್ನಿ. ಮರಳು, ಕಬ್ಬಿನ ಚೂರು ಇದ್ದರೆ ಹೆದರಬೇಡಿ. ಬಿಸಿನೀರಿನಲ್ಲಿ ಕರಗಿಸಿ, ನೀರಾಗಿರುವಾಗಲೇ ಸೌಟಿನಿಂದ ಒಮ್ಮೆ ಜೋರಾಗಿ ಸುತ್ತಿಸಿ, ಹತ್ತು ನಿಮಿಷ ಮುಟ್ಟದೆ ಬಿಡಿ. ತೇಲುವ ಚೂರನ್ನು ಚಮಚದಲ್ಲಿ ತೆಗೆದು, ನಿಧಾನವಾಗಿ ಬಗ್ಗಿಸಿ. ಕೊನೆಯ ಎರಡು ಚಮಚದ ಆಸೆ ಬಿಡಿ, ಮರಳಿರುವುದು ಅಲ್ಲೇ.